ಬಣ್ಣ ಬೇರೆ, ಹೊಳಪು ಬೇರೆ: ವಾಹನದ ಫೋಟೋದಲ್ಲಿ ಹೊಸ ಬಣ್ಣ ನಿಜವೆನ್ನಿಸುವಂತೆ ಕೂರಿಸುವ ಕ್ರಮ

ಮಳೆಗಾಲದಲ್ಲಿ ನಮ್ಮ ಕಡೆ ಗಾಡಿಗೆ ಬಣ್ಣ ಹೊಡೆಸುವವರು ಕಡಿಮೆ. ಗಾಳಿಯಲ್ಲಿ ತೇವ ತುಂಬಿರುವಾಗ ಲ್ಯಾಕರ್ ಹೊಡೆದರೆ ಅದು ಆರುವ ಹೊತ್ತಿಗೆ ಮೇಲೆ ಬಿಳಿಯ ಮಂಕು ಕೂರುತ್ತದೆ. ಮುಚ್ಚಿದ ಬೂತ್ ಇಲ್ಲದ ಪೇಂಟರ್‌ಗಳು ದೀಪಾವಳಿ ಕಳೆಯಲಿ ಎಂದು ಗಿರಾಕಿಗಳನ್ನು ವಾಪಸು ಕಳುಹಿಸುತ್ತಾರೆ. ಹಾಗಾಗಿ ಜೂನ್‌ನಿಂದ ಅಕ್ಟೋಬರ್‌ವರೆಗಿನ ಕಾಲ ಬಣ್ಣ ಆರಿಸುವುದರಲ್ಲೇ ಕಳೆಯುತ್ತದೆ. ಶಿವಮೊಗ್ಗದ ನನ್ನ ಮೇಜಿಗೆ ಜೀಪಿನ ಫೋಟೋ, ಬುಲೆಟ್‌ನ ಫೋಟೋ, ಅಪ್ಪನ ಕಾಲದ ಅಂಬಾಸಿಡರ್‌ನ ಫೋಟೋ ಬರುತ್ತವೆ. ಇದು ಕಡುನೀಲಿಯಾದರೆ ಹೇಗೆ ಕಾಣುತ್ತದೆ, ತೋರಿಸಿ ಎನ್ನುತ್ತಾರೆ.

ಈ ಕೆಲಸ ಶುರು ಮಾಡಿದ ಹೊಸತರಲ್ಲಿ ಹೊಸನಗರದ ಕಡೆಯ ಒಬ್ಬರು ತಮ್ಮ ಬಿಳಿ ಜೀಪಿಗೆ ಕಡುಹಸಿರು ಕೇಳಿದ್ದರು. ಬಾಡಿಯನ್ನೆಲ್ಲ ಆಯ್ಕೆ ಮಾಡಿ ಅದರ ಮೇಲೆ ಒಂದೇ ಪದರದಲ್ಲಿ ಹಸಿರು ಸುರಿದು ಕಳುಹಿಸಿದೆ. ಮರುದಿನ ಅವರೇ ಬಂದರು. ಮೊಬೈಲಿನಲ್ಲಿ ಚಿತ್ರವನ್ನು ದೊಡ್ಡದು ಮಾಡಿ ಹಿಂದಿನ ಚಕ್ರದ ಮೇಲ್ಭಾಗಕ್ಕೆ ಹೆಬ್ಬೆರಳು ಇಟ್ಟು, “ಇದು ನನ್ನ ಜೀಪಲ್ಲ ಮಾರಾಯರೇ, ಪ್ಲಾಸ್ಟಿಕ್ಕಿನದು. ನೋಡಿ, ಕೆಸರೂ ಹಸಿರಾಗಿದೆ” ಎಂದರು. ನಿಜ. ಮಡ್‌ಗಾರ್ಡಿಗೆ ಸಿಡಿದಿದ್ದ ಕೆಂಪು ಕೆಸರು ಪಾಚಿಯಂತೆ ಕಾಣುತ್ತಿತ್ತು. ಬಾನೆಟ್ಟಿನ ಮೇಲೆ ಪ್ರತಿಫಲಿಸಿದ್ದ ಮೋಡವೂ ಹಸಿರಾಗಿತ್ತು. ಅಂದಿನಿಂದ ಕಲಿತದ್ದನ್ನು ಇಲ್ಲಿ ಒಂದೊಂದಾಗಿ ಬರೆಯುತ್ತಿದ್ದೇನೆ. ಫೋಟೋಶಾಪ್ ಇದ್ದವರು ಅದರಲ್ಲಿ ಮಾಡಿ. ಇಲ್ಲದವರಿಗೆ ಉಚಿತವಾಗಿ ಸಿಗುವ ಜಿಂಪ್ ಸಾಕು, ಬ್ರೌಸರ್‌ನಲ್ಲೇ ತೆರೆಯುವ ಫೋಟೋಪಿಯವೂ ಸಾಕು. ಪದರ, ಮಾಸ್ಕ್ (ಬಿಳಿಯಿದ್ದಲ್ಲಿ ಪದರವನ್ನು ತೋರಿಸಿ ಕಪ್ಪಿದ್ದಲ್ಲಿ ಮರೆಸುವ ಮುಸುಕು), ಬ್ಲೆಂಡ್ ಮೋಡ್ (ಮೇಲಿನ ಪದರ ಕೆಳಗಿನದರೊಡನೆ ಬೆರೆಯುವ ರೀತಿ), ಕರ್ವ್ಸ್ (ಗೆರೆ ಬಾಗಿಸಿ ಬೆಳಕು-ಕತ್ತಲೆ ಹೊಂದಿಸುವ ಸಾಧನ) ಈ ನಾಲ್ಕೂ ಮೂರರಲ್ಲಿಯೂ ಇವೆ.

ಮೊದಲು ಕಣ್ಣಿಗೆ ಅರ್ಥವಾಗಬೇಕಾದದ್ದು

ಗಾಡಿಯ ಬಣ್ಣ ಒಂದೇ ಪದರವಲ್ಲ. ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬೇಸ್ ಕೋಟ್, ಎಲ್ಲಕ್ಕಿಂತ ಮೇಲೆ ಗಾಜಿನಂಥ ಕ್ಲಿಯರ್ ಕೋಟ್ ಇರುತ್ತದೆ. ಬಿದ್ದ ಬೆಳಕಿನಲ್ಲಿ ಸ್ವಲ್ಪ ಭಾಗ ಕ್ಲಿಯರ್ ಕೋಟಿನ ಮೇಲ್ಮೈಯಿಂದಲೇ ಪುಟಿದು ಬರುತ್ತದೆ. ಅದು ಬೇಸ್ ಕೋಟನ್ನು ಮುಟ್ಟಿರುವುದಿಲ್ಲ, ಆದ್ದರಿಂದ ಅದಕ್ಕೆ ಗಾಡಿಯ ಬಣ್ಣ ಹತ್ತಿರುವುದಿಲ್ಲ. ಉಳಿದ ಬೆಳಕು ಒಳಗೆ ಇಳಿದು, ಬಣ್ಣದ ಕಣಗಳನ್ನು ತಾಗಿ, ಬಣ್ಣ ಹೊತ್ತು ಹೊರಬರುತ್ತದೆ. ನಮ್ಮ ಕಣ್ಣಿಗೆ ಕಾಣುವುದು ಇವೆರಡರ ಮೊತ್ತ.

ಮನೆಯ ತಾಮ್ರದ ಹಂಡೆಯನ್ನು ನೋಡಿ. ಅದರಲ್ಲಿ ಹೊಳೆಯುವ ಕಿಟಕಿಯ ಬೆಳಕು ತಾಮ್ರದ ಬಣ್ಣಕ್ಕೆ ತಿರುಗಿರುತ್ತದೆ. ಬರಿಯ ಲೋಹದ ಗುಣ ಅದು. ಅದೇ ಕಿಟಕಿ ಕೆಂಪು ಕಾರಿನ ಬಾಗಿಲಲ್ಲಿ ಬಿಳಿಯಾಗಿಯೇ ಹೊಳೆಯುತ್ತದೆ. ಕಾರಿನ ಹೊಳಪಿಗೆ ಬಣ್ಣ ಹತ್ತಿತೆಂದರೆ ನೋಡುವವರ ಮನಸ್ಸು ಇದು ಪ್ಲಾಸ್ಟಿಕ್ಕೋ ತಾಮ್ರವೋ ಎಂದು ಅನುಮಾನಿಸುತ್ತದೆ, ಕಾರಣ ಹೇಳಲು ಅವರಿಗೆ ಬಾರದಿದ್ದರೂ.

ಇನ್ನೊಂದು ಸಂಗತಿ. ನೇರವಾಗಿ ನೋಡಿದಾಗ ಕ್ಲಿಯರ್ ಕೋಟಿನಿಂದ ಪುಟಿಯುವುದು ನೂರರಲ್ಲಿ ನಾಲ್ಕು ಪಾಲಿನಷ್ಟು ಬೆಳಕು ಮಾತ್ರ. ನೋಟ ಓರೆಯಾದಂತೆ ಅದು ಏರುತ್ತ ಹೋಗಿ, ತೀರ ಓರೆಯಲ್ಲಿ ಕನ್ನಡಿಯೇ ಆಗಿಬಿಡುತ್ತದೆ. ಬಾಗಿಲಿನ ನಡುಭಾಗದಲ್ಲಿ ಗಾಡಿಯ ಬಣ್ಣ ಗಾಢವಾಗಿಯೂ ಬಾನೆಟ್ಟಿನ ದೂರದ ಅಂಚಿನಲ್ಲಿ ಬರೀ ಆಕಾಶವೂ ಕಾಣುವುದು ಇದಕ್ಕೇ. ಇಡೀ ಕೆಲಸವನ್ನು ಒಂದು ಮಾತಿನಲ್ಲಿ ಹೇಳುವುದಾದರೆ: ಬಣ್ಣ ಬದಲಿಸಿ, ಹೊಳಪನ್ನು ಹಾಗೆಯೇ ಬಿಡಿ.

ಫೋಟೋ ತೆಗೆಯುವಾಗ

ಅರ್ಧ ಕೆಲಸ ಇಲ್ಲಿಯೇ ಮುಗಿಯುತ್ತದೆ. ಮೋಡ ಕವಿದ ಬೆಳಗು ನಮಗೆ ಸಿಕ್ಕ ವರ. ಇಡೀ ಆಕಾಶ ಒಂದು ದೊಡ್ಡ ದೀಪದಂತೆ ಮೆತ್ತಗೆ ಬೆಳಗುತ್ತದೆ, ಬಾಡಿಯ ತಿರುವುಗಳು ಸ್ಪಷ್ಟವಾಗಿ ಕಾಣುತ್ತವೆ. ಅಡಿಕೆ ತೋಟದ ಒಳಗೆ ಮಾತ್ರ ನಿಲ್ಲಿಸಬೇಡಿ. ಅಲ್ಲಿ ಮೇಲಿಂದ ಬೀಳುವ ಬೆಳಕೇ ಹಸಿರು, ಬಾಡಿಯ ಮೇಲೆ ನೂರು ಕಂಬಗಳ ಪ್ರತಿಬಿಂಬ ಬೇರೆ. ಅಂಗಳವೋ ರಸ್ತೆಯ ತೆರೆದ ತಿರುವೋ ಒಳ್ಳೆಯದು.

ಐದಾರು ಮೀಟರ್ ದೂರ ನಿಂತು, ಮೊಬೈಲಿನ ವೈಡ್ ಲೆನ್ಸ್ ಬಿಟ್ಟು, ಸೊಂಟದ ಎತ್ತರದಿಂದ ತೆಗೆಯಿರಿ. ಪರದೆಯ ಮೇಲೆ ಬಾನೆಟ್ಟಿನ ಅತ್ಯಂತ ಹೊಳೆಯುವ ಜಾಗವನ್ನು ಮುಟ್ಟಿ ಬೆಳಕು ತಗ್ಗಿಸಿ. ಸುಟ್ಟು ಬಿಳಿಯಾದ ಹೊಳಪನ್ನು ಆಮೇಲೆ ಯಾವ ತಂತ್ರದಿಂದಲೂ ಮರಳಿ ತರಲಾಗದು. ಕ್ಯಾಮೆರಾದಲ್ಲಿ ರಾ ಕಡತ, ಅಂದರೆ ಸೆನ್ಸರ್ ಕಂಡದ್ದನ್ನು ಹಾಗೆಯೇ ಉಳಿಸಿಕೊಳ್ಳುವ ಕಡತ, ಸಿಗುವುದಾದರೆ ಅದನ್ನೇ ಉಳಿಸಿ. ಎಡಿಟ್ ಮಾಡುವಾಗ ಕಡತವನ್ನು 16 ಬಿಟ್‌ನಲ್ಲಿ ಇಟ್ಟರೆ ಆಕಾಶದ ಪ್ರತಿಬಿಂಬದಲ್ಲಿ ಪಟ್ಟೆ ಪಟ್ಟೆ ಬರುವುದಿಲ್ಲ.

ಟ್ರೈಪಾಡ್ ಮತ್ತು ಸರ್ಕ್ಯುಲರ್ ಪೋಲರೈಸರ್ ಫಿಲ್ಟರ್ ಇದ್ದವರಿಗೆ ಒಂದು ಅಮೂಲ್ಯ ಉಪಾಯವಿದೆ. ಕ್ಯಾಮೆರಾ ಅಲುಗಿಸದೆ ಎರಡು ಫೋಟೋ ತೆಗೆಯಿರಿ: ಫಿಲ್ಟರ್ ತಿರುಗಿಸಿ ಬಾಡಿಯ ಹೊಳಪು ಅತಿ ಕಡಿಮೆಯಾದಾಗ ಒಂದು, ಅತಿ ಹೆಚ್ಚಾದಾಗ ಇನ್ನೊಂದು. ಮೊದಲನೆಯದರಲ್ಲಿ ಬಣ್ಣ, ಎರಡನೆಯದರಲ್ಲಿ ಬಣ್ಣ ಮತ್ತು ಹೊಳಪು. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಹೊಳಪು ಪ್ರತ್ಯೇಕವಾಗಿ ಕೈಗೆ ಬರುತ್ತದೆ. ಬಾನೆಟ್, ಬಾಗಿಲು, ಟಾಪ್ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿರುವುದರಿಂದ ಒಂದೇ ತಿರುವಿನಲ್ಲಿ ಎಲ್ಲದರ ಹೊಳಪೂ ಅಡಗುವುದಿಲ್ಲ. ಹೆಚ್ಚು ಕಾಣುವ ಭಾಗಕ್ಕೆ ಹೊಂದಿಸಿಕೊಳ್ಳಿ.

ಮಾಸ್ಕ್: ತಾಳ್ಮೆ ಬೇಡುವ ಭಾಗ

ಬಣ್ಣ ಹೊಡೆದ ತಗಡು ಎಲ್ಲೆಲ್ಲಿದೆಯೋ ಅಷ್ಟನ್ನೇ ಆರಿಸಬೇಕು. ತಾನೇ ಆರಿಸಿಕೊಡುವ ಉಪಕರಣಗಳು ಈಗ ಎಲ್ಲ ಕಡೆ ಇವೆ, ನಾನೂ ಮೊದಲ ಸುತ್ತಿಗೆ ಬಳಸುತ್ತೇನೆ. ಆದರೆ ಅಂಚಿಗೆ ಪೆನ್ ಟೂಲ್ ಬಿಟ್ಟರೆ ಗತಿಯಿಲ್ಲ. ಬಾನೆಟ್, ಮಡ್‌ಗಾರ್ಡ್, ಬಾಗಿಲು, ಹಿಂಬದಿ ಹೀಗೆ ಒಂದೊಂದು ಭಾಗಕ್ಕೂ ಒಂದೊಂದು ಪಾತ್ (ಅಂಚಿನ ಗೆರೆ) ಎಳೆದು ಹೆಸರು ಕೊಟ್ಟು ಉಳಿಸಿಕೊಳ್ಳಿ. ಅಂಚಿಗೆ ಅರ್ಧದಿಂದ ಒಂದು ಪಿಕ್ಸೆಲ್‌ನಷ್ಟು ಮಾತ್ರ ಮೃದುತ್ವ ಸಾಕು. ಬ್ಲೇಡಿನಿಂದ ಕತ್ತರಿಸಿದಂತಿರುವ ಅಂಚು ಫೋಟೋಗಳಲ್ಲಿ ಇರುವುದೇ ಇಲ್ಲ.

ಇನ್ನು ಮಾಡಲಿರುವ ಪದರಗಳಿಗೆಲ್ಲ ಒಂದು ಗುಂಪು ಮಾಡಿ, ಮಾಸ್ಕನ್ನು ಗುಂಪಿಗೇ ಕೊಡಿ. ಮುಂದೆ ಒಳಗೆ ಏನು ಮಾಡಿದರೂ ಬಣ್ಣ ಟೈರಿಗೆ ಚೆಲ್ಲುವುದಿಲ್ಲ.

ಎಲ್ಲರೂ ಮರೆಯುವ ಜಾಗಗಳಿವೆ. ಬಾಗಿಲಿನ ಕೀಲು, ಚಕ್ರದ ಕಮಾನಿನ ಒಳಮಡಿಕೆ, ಗಾಜಿನ ಮೂಲಕ ಕಾಣುವ ಬಾಗಿಲಿನ ಒಳತಗಡು, ಪೆಟ್ರೋಲ್ ಮುಚ್ಚಳದ ಸುತ್ತಲಿನ ಸಂದು, ವೈಪರ್‌ನ ಕೆಳಗಿನ ಸೀಳು. ಜೀಪಿನಲ್ಲಂತೂ ತಗಡು ಒಳಗೂ ಹೊರಗೂ ಒಂದೇ ಬಣ್ಣ. ಡ್ಯಾಶ್‌ಬೋರ್ಡಿನ ತಗಡು ಹಳೆಯ ಬಿಳಿಯಲ್ಲೇ ಉಳಿದರೆ ಸುಳ್ಳು ಅಲ್ಲೇ ಬಯಲಾಗುತ್ತದೆ.

ಕೆಸರಿನ ವಿಷಯ. ಕೆಸರು ಬಣ್ಣದ ಮೇಲೆ ಕೂತಿರುತ್ತದೆ, ಆದ್ದರಿಂದ ಅದು ಮಾಸ್ಕಿನ ಹೊರಗಿರಬೇಕು. ನಮ್ಮ ಮಣ್ಣು ಕೆಂಪಾದದ್ದು ಇಲ್ಲಿ ಅನುಕೂಲಕ್ಕೆ ಬರುತ್ತದೆ. ಬಿಳಿ, ಬೂದು, ನೀಲಿ ಗಾಡಿಯ ಮೇಲೆ ಕಲರ್ ರೇಂಜ್ ಬಳಸಿ ಆ ಕೆಂಪುಗಂದು ಛಾಯೆಯನ್ನು ಆರಿಸಿ ಮಾಸ್ಕಿನಿಂದ ಕಳೆಯಿರಿ. ಪೂರ್ತಿ ಕಳೆಯಬೇಡಿ. ದಪ್ಪ ಕೆಸರು ಇರುವಲ್ಲಿ ಮಾಸ್ಕ್ ಕಪ್ಪು, ತೆಳುವಾಗಿ ಸಿಡಿದಲ್ಲಿ ಬೂದು ಇರಲಿ, ಹೊಸ ಬಣ್ಣ ಅದರಡಿಯಿಂದ ಇಣುಕಲಿ. ಮಳೆಹನಿಗಳದ್ದು ಇದಕ್ಕೆ ತಿರುವುಮುರುವು. ಹನಿಯೊಂದು ಪುಟ್ಟ ಮಸೂರ. ಅದರೊಳಗಿಂದ ಗಾಡಿಯ ಬಣ್ಣವೇ ಕಾಣಬೇಕು, ಹನಿಯ ನೆತ್ತಿಯ ಬಿಳಿ ಚುಕ್ಕೆ ಮಾತ್ರ ಬಿಳಿಯಾಗಿ ಉಳಿಯಬೇಕು. ಹನಿಗಳನ್ನು ಮಾಸ್ಕಿನಿಂದ ಹೊರಗಿಡಬೇಡಿ. ಮುಂದೆ ಹೇಳುವ ಹೊಳಪಿನ ಪದರವೇ ಅವುಗಳನ್ನು ನೋಡಿಕೊಳ್ಳುತ್ತದೆ.

ಬಣ್ಣವನ್ನೂ ಹೊಳಪನ್ನೂ ಬೇರ್ಪಡಿಸುವುದು

ಗುಂಪಿನೊಳಗೆ ಕೆಳಗಿನಿಂದ ಮೇಲಕ್ಕೆ ಮೂರು ಪದರಗಳು ಬೇಕು.

ಮೊದಲ ಪದರ ನೆರಳು-ಬೆಳಕಿನದು. ಮೂಲ ಫೋಟೋದ ಪ್ರತಿಯನ್ನು ಕಪ್ಪು-ಬಿಳುಪು ಮಾಡಿ. ಬಾಡಿಯ ಉಬ್ಬುತಗ್ಗುಗಳು ಇದರಲ್ಲಿರುತ್ತವೆ.

ಎರಡನೆಯದು ಹೊಸ ಬಣ್ಣ. ಒಂದೇ ಬಣ್ಣ ತುಂಬಿದ ಪದರವನ್ನು ಮಲ್ಟಿಪ್ಲೈ ಎಂಬ ಬ್ಲೆಂಡ್ ಮೋಡ್‌ಗೆ ಇಡಿ. ಕೆಳಗಿನ ನೆರಳಿನೊಡನೆ ಗುಣಿಸಿಕೊಂಡು ಬಣ್ಣ ಇಳಿಯುತ್ತದೆ. ಒಟ್ಟು ಚಿತ್ರ ಕಪ್ಪಾಯಿತೆನ್ನಿಸಿದರೆ ಕೆಳಗಿನ ಕಪ್ಪು-ಬಿಳುಪು ಪದರಕ್ಕೆ ಕರ್ವ್ಸ್ ಹಾಕಿ ನಡುವನ್ನು ಎತ್ತಿ, ಬಣ್ಣವನ್ನೇ ತಿಳಿ ಮಾಡಲು ಹೋಗಬೇಡಿ.

ಮೂರನೆಯದು ಹೊಳಪು. ಮೂಲ ಫೋಟೋದ ಇನ್ನೊಂದು ಪ್ರತಿ, ಈ ಬಾರಿ ಬಣ್ಣಸಮೇತ, ಎಲ್ಲಕ್ಕಿಂತ ಮೇಲೆ, ಸ್ಕ್ರೀನ್ ಮೋಡ್‌ನಲ್ಲಿ. ಲೆವೆಲ್ಸ್ ತೆರೆದು ಕಪ್ಪಿನ ಗುರುತನ್ನು ಬಲಕ್ಕೆ ಜರುಗಿಸಿ. ಬೆಳ್ಳಿಬಣ್ಣದ ಗಾಡಿಯ ಬಾಗಿಲು, ಹೊಳಪಿಲ್ಲದ ಜಾಗದಲ್ಲಿ, ಕಪ್ಪಿಗೆ 0, ಬಿಳಿಗೆ 255 ಎನ್ನುವ ಅಳತೆಯಲ್ಲಿ 150 ತೋರಿಸುತ್ತಿದೆ ಎಂದುಕೊಳ್ಳಿ. ಕಪ್ಪಿನ ಗುರುತನ್ನು 150ರ ಆಸುಪಾಸಿಗೆ ತಂದರೆ ಬಾಡಿಯ ಮೂಲ ಬಣ್ಣ ಕಪ್ಪಾಗಿ ಮಾಯವಾಗುತ್ತದೆ, ಆಕಾಶದ ಪ್ರತಿಬಿಂಬ, ಅಂಚಿನ ಮಿಂಚು, ಹನಿಗಳ ಚುಕ್ಕೆ ಮಾತ್ರ ಉಳಿಯುತ್ತವೆ. ಸ್ಕ್ರೀನ್‌ನಲ್ಲಿ ಕಪ್ಪು ಏನನ್ನೂ ಸೇರಿಸುವುದಿಲ್ಲ, ಆದ್ದರಿಂದ ಹೊಳಪಷ್ಟೇ ಹೊಸ ಬಣ್ಣದ ಮೇಲೆ ಬಂದು ಕೂರುತ್ತದೆ, ತನ್ನ ಸ್ವಂತ ಬಣ್ಣದಲ್ಲಿಯೇ. ಮೋಡ ಮೋಡದ ಬಣ್ಣ, ಮರ ಮರದ ಬಣ್ಣ. ಪೋಲರೈಸರ್‌ನಿಂದ ಎರಡು ಫೋಟೋ ತೆಗೆದವರು ಕಳೆದು ಬಂದ ಚಿತ್ರವನ್ನೇ ಇಲ್ಲಿ ಇಡಬಹುದು, ಲೆವೆಲ್ಸ್‌ನ ಗೊಡವೆಯಿಲ್ಲ.

ಮೂಲ ಗಾಡಿಯ ಬಣ್ಣ ಯಾವುದು ಎಂಬುದರ ಮೇಲೆ ಶ್ರಮ ಬದಲಾಗುತ್ತದೆ. ಬೂದು ಮತ್ತು ಬೆಳ್ಳಿ ಎಲ್ಲಕ್ಕಿಂತ ಸುಲಭ, ನೆರಳೂ ಹೊಳಪೂ ಎರಡೂ ಸಮನಾಗಿ ಸಿಗುತ್ತವೆ. ಬಿಳಿ ಗಾಡಿಯಲ್ಲಿ ನೆರಳು ಸೊಗಸಾಗಿ ಸಿಗುತ್ತದೆ, ಹೊಳಪು ಸಿಗುವುದಿಲ್ಲ. ಬಿಳಿಯೊಳಗೆ ಅದು ಕರಗಿಹೋಗಿರುತ್ತದೆ. ಬಿಳಿಯನ್ನು ಕಡುಬಣ್ಣ ಮಾಡುವಾಗ ಮೇಲ್ಮುಖದ ತಗಡುಗಳಿಗೆ ಆಕಾಶದ ಪ್ರತಿಬಿಂಬವನ್ನು ಮೆತ್ತನೆಯ ಬ್ರಶ್ಶಿನಿಂದ ಕೈಯಾರೆ ಸೇರಿಸಬೇಕು, ದೂರದ ಅಂಚಿಗೆ ಹೆಚ್ಚು, ಹತ್ತಿರಕ್ಕೆ ಕಡಿಮೆ. ಹೊಸನಗರದ ಜೀಪಿನಲ್ಲಿ ನಾನು ಮಾಡದೇ ಬಿಟ್ಟದ್ದು ಇದನ್ನೇ. ಕಪ್ಪು ಗಾಡಿ ಇದರ ವಿರುದ್ಧ. ಅಲ್ಲಿ ಫೋಟೋವೇ ಬಹುಪಾಲು ಹೊಳಪು, ಅದನ್ನು ಇಡಿಯಾಗಿ ಸ್ಕ್ರೀನ್‌ನಲ್ಲಿ ಇಡಬಹುದು. ನೆರಳು-ಬೆಳಕನ್ನು ಮಾತ್ರ ನೀವೇ ಬರೆಯಬೇಕು. ಕಪ್ಪನ್ನು ಬಿಳಿ ಮಾಡಿಕೊಡಿ ಎಂದರೆ ನಾನು ಒಂದು ದಿನ ಹೆಚ್ಚು ಕೇಳುತ್ತೇನೆ.

ಬಣ್ಣ ಆರಿಸುವಾಗ

ಕಂಪ್ಯೂಟರಿನ ಬಣ್ಣದ ಚೌಕದಿಂದ ಕೆಂಪು ಆರಿಸಿದರೆ ಅದು ಬೆಳಗುವ ಕೆಂಪು. ಯಾವ ಪೇಂಟೂ ಅಷ್ಟು ಶುದ್ಧವಾಗಿರುವುದಿಲ್ಲ. ನಾನು ಕೆಂಪಿಗೆ 165, 28, 30ರ (ಕ್ರಮವಾಗಿ ಕೆಂಪು, ಹಸಿರು, ನೀಲಿಯ ಅಂಕೆಗಳು) ಹತ್ತಿರದಿಂದ ಶುರು ಮಾಡುತ್ತೇನೆ. ಕಪ್ಪೂ ಶೂನ್ಯವಲ್ಲ, ಬಿಳಿಯೂ 255 ಅಲ್ಲ.

ಇದಕ್ಕಿಂತ ಒಳ್ಳೆಯ ದಾರಿ ಪೇಂಟ್ ಅಂಗಡಿಯ ಶೇಡ್ ಕಾರ್ಡ್. ಫೋಟೋ ತೆಗೆಯುವ ದಿನ ಅದನ್ನು ಬಾಗಿಲಿಗೆ ಒರಗಿಸಿ ಅದೇ ಬೆಳಕಿನಲ್ಲಿ ಒಂದು ಫೋಟೋ ಹೆಚ್ಚಿಗೆ ತೆಗೆದುಕೊಳ್ಳಿ. ಮುಗಿದ ಚಿತ್ರದಲ್ಲಿ ಬಾಗಿಲಿನ ಹೊಳಪಿಲ್ಲದ ಜಾಗ ಆ ಕಾರ್ಡಿನ ಬಣ್ಣಕ್ಕೆ ಹೊಂದಬೇಕು. ಗಿರಾಕಿ ಮುಂದೆ ಕೊಳ್ಳುವುದೂ ಅದೇ ಶೇಡ್ ನಂಬರನ್ನು.

ಜೀಪಿನವರು ಹೆಚ್ಚಾಗಿ ಕೇಳುವುದು ಮಿಲಿಟರಿ ಹಸಿರು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 121ನೇ ನಿಯಮದ ಪ್ರಕಾರ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲು, ನಾನು ಆ ಚಿತ್ರ ಮಾಡಿಕೊಡುವುದಿಲ್ಲ. ಬೇರೆ ಯಾವ ಬಣ್ಣವಾದರೂ, ಆರ್‌ಸಿಯಲ್ಲಿ ಬರೆದಿರುವ ಬಣ್ಣ ಬದಲಾಗುವುದಾದರೆ ಆರ್‌ಟಿಓ ಕಚೇರಿಗೆ ತಿಳಿಸಿ ನಮೂದಿಸಿಕೊಳ್ಳಬೇಕು ಎಂಬುದನ್ನು ಮೊದಲೇ ಹೇಳಿಬಿಡಿ.

ಮೆಟಾಲಿಕ್, ಪರ್ಲ್, ಮ್ಯಾಟ್

ಮೆಟಾಲಿಕ್ ಎಂದರೆ ಚುಕ್ಕೆ ಎಂದು ತಿಳಿದವರು ನಾಯ್ಸ್ ಫಿಲ್ಟರ್ ಸುರಿದು ಗಾಡಿಯನ್ನು ಮರಳುಕಾಗದ ಮಾಡಿಬಿಡುತ್ತಾರೆ. ಐದಾರು ಮೀಟರ್ ದೂರದ ಫೋಟೋದಲ್ಲಿ ಅಲ್ಯೂಮಿನಿಯಂ ಕಣಗಳು ಕಣ್ಣಿಗೆ ಬೀಳುವುದೇ ಇಲ್ಲ. ಕಾಣುವುದು ಅವುಗಳ ಪರಿಣಾಮ: ಬೆಳಕಿಗೆ ಎದುರಾದ ತಿರುವು ಬೆಳಗುತ್ತದೆ, ಸ್ವಲ್ಪ ಹೊರಳಿದೊಡನೆ ಥಟ್ಟನೆ ಕಪ್ಪಾಗುತ್ತದೆ. ಆದ್ದರಿಂದ ನೆರಳಿನ ಪದರದ ಕರ್ವ್ಸನ್ನು ಕಡಿದಾಗಿಸಿ, ಅಷ್ಟೇ ಸಾಕು. ಬೈಕಿನ ಟ್ಯಾಂಕನ್ನು ಹತ್ತಿರದಿಂದ ತೆಗೆದ ಚಿತ್ರವಾದರೆ ಸೂಕ್ಷ್ಮ ನಾಯ್ಸ್ ಸೇರಿಸಿ, ಹೊಳಪಿನ ಸುತ್ತ ಮಾತ್ರ. ಪರ್ಲ್‌ನಲ್ಲಿ ಅಭ್ರಕದ ಕಣಗಳಿಂದಾಗಿ ಕೋನದೊಂದಿಗೆ ಬಣ್ಣವೇ ಹೊರಳುತ್ತದೆ. ಒಂದೇ ಬಣ್ಣದ ಪದರದ ಬದಲು ಗ್ರೇಡಿಯಂಟ್ ಮ್ಯಾಪ್ ಬಳಸಿ, ನೆರಳಿಗೆ ಒಂದು ಛಾಯೆ, ಬೆಳಕಿಗೆ ಅದರ ನೆರೆಯ ಛಾಯೆ ಕೊಡಿ.

ಮ್ಯಾಟ್‌ನಲ್ಲಿ ಹೊಳಪನ್ನು ಅಳಿಸುವುದು ತಪ್ಪು. ಒರಟು ಮೇಲ್ಮೈ ಬೆಳಕನ್ನು ನುಂಗುವುದಿಲ್ಲ, ಚೆದುರಿಸುತ್ತದೆ. ಹೊಳಪಿನ ಪದರಕ್ಕೆ ಗಾಸಿಯನ್ ಬ್ಲರ್ ಹಾಕಿ. ಮರದ ಪ್ರತಿಬಿಂಬ ಕರಗಿ ಬರಿಯ ಮಂಜಿನಂಥ ಬೆಳಕು ಉಳಿಯುವಷ್ಟು. ಒಂದೊಂದು ತಗಡಿಗೂ ಬೇರೆ ಬೇರೆಯಾಗಿ ಹಾಕಬೇಕು, ಇಲ್ಲವಾದರೆ ಬಾನೆಟ್ಟಿನ ಬೆಳಕು ಸಂದು ದಾಟಿ ಮಡ್‌ಗಾರ್ಡಿಗೆ ಹರಡುತ್ತದೆ. ಪಾತ್‌ಗಳಿಗೆ ಹೆಸರು ಕೊಟ್ಟು ಉಳಿಸಿದ್ದು ಈಗ ಕೆಲಸಕ್ಕೆ ಬಂತು.

ಸುತ್ತಲಿನ ಊರು ಗಾಡಿಯ ಮೇಲೆ

ನೆರಳಿನ ಪದರವನ್ನು ಕಪ್ಪು-ಬಿಳುಪು ಮಾಡಿದಾಗ ಒಂದು ನಷ್ಟವಾಗಿತ್ತು. ನೆಲದಿಂದ ಪುಟಿದು ಬಾಗಿಲಿನ ಕೆಳಭಾಗಕ್ಕೆ ಹತ್ತಿದ್ದ ಮಣ್ಣಿನ ಕೆಂಪೂ ಅಳಿಸಿಹೋಯಿತು. ಸಾಗರ, ತೀರ್ಥಹಳ್ಳಿಯ ಜಂಬಿಟ್ಟಿಗೆ ಅಂಗಳದಲ್ಲಿ ನಿಂತ ಕೆನೆಬಣ್ಣದ ಕಾರಿನ ಕೆಳಗಂಚು ಎಂದೂ ಶುದ್ಧ ಕೆನೆಯಾಗಿರುವುದಿಲ್ಲ. ಹೊಸ ಪದರ ಮಾಡಿ, ಸಾಫ್ಟ್ ಲೈಟ್‌ಗೆ ಇಟ್ಟು, ಫೋಟೋದಲ್ಲಿರುವ ಮಣ್ಣಿನಿಂದಲೇ ಬಣ್ಣ ಎತ್ತಿಕೊಂಡು, ಬಾಡಿಯ ಕೆಳಗಿನ ಕಾಲುಭಾಗಕ್ಕೆ 10ರಿಂದ 15 ಶೇಕಡಾ ಗಾಢತೆಯಲ್ಲಿ ತೆಳುವಾಗಿ ಸವರಿ. ಇಡೀ ಕ್ರಮದಲ್ಲಿ ಎರಡು ನಿಮಿಷದ ಕೆಲಸ ಇದು. ಗಾಡಿ ಆ ಅಂಗಳಕ್ಕೆ ಸೇರಿದ್ದು ಎನ್ನಿಸುವುದು ಇದರಿಂದಲೇ.

ಗಾಡಿಯೂ ಸುತ್ತಲಿನದಕ್ಕೆ ಬಣ್ಣ ಕೊಡುತ್ತದೆ. ಒದ್ದೆ ರಸ್ತೆಯಲ್ಲಿ ಬಿದ್ದ ಗಾಡಿಯ ಪ್ರತಿಬಿಂಬ, ಕ್ರೋಮ್ ಬಂಪರಿನಲ್ಲಿ ಕಾಣುವ ಮಡ್‌ಗಾರ್ಡ್, ಸೈಡ್ ಮಿರರ್‌ನಲ್ಲಿ ಕಾಣುವ ಬಾಗಿಲು ಇವೆಲ್ಲ ಹಳೆಯ ಬಣ್ಣದಲ್ಲೇ ಉಳಿದಿರುತ್ತವೆ. ಇವುಗಳಿಗೆ ಬೇರೆ ಮಾಸ್ಕ್ ಮಾಡಿ, ಹೊಸ ಬಣ್ಣವನ್ನು ಕಲರ್ ಮೋಡ್‌ನಲ್ಲಿ ತೆಳುವಾಗಿ ಕೊಡಿ. ಬಿಳಿ ಕಡುಬಣ್ಣವಾಗಿದ್ದರೆ ಜೊತೆಗೆ ಕರ್ವ್ಸ್‌ನಿಂದ ಕಪ್ಪೂ ಮಾಡಬೇಕು, ಬರಿಯ ಕಲರ್ ಮೋಡ್ ಬೆಳಕಿನ ಮಟ್ಟವನ್ನು ಬದಲಿಸುವುದಿಲ್ಲ.

ಪಟ್ಟಿ, ಅಕ್ಷರ, ದೇವರ ಹೆಸರು ಇದ್ದರೆ ಅವು ಬಣ್ಣದ ಪದರಕ್ಕೂ ಹೊಳಪಿನ ಪದರಕ್ಕೂ ನಡುವೆ ಇರಬೇಕು, ಮಲ್ಟಿಪ್ಲೈನಲ್ಲಿ ಅಲ್ಲ, ಸ್ವಂತ ನೆರಳಿನೊಡನೆ. ಹಿಂದಿನ ಗಾಜಿನ ಕೆಳಗೆ ಬರೆಸುವ ಚೌಡೇಶ್ವರಿಯ ಹೆಸರು ಬಾಗಿಲಿನ ಸಂದನ್ನು ದಾಟುವುದಾದರೆ, ಆ ಸಂದಿನಲ್ಲಿ ಅಕ್ಷರ ಕಡಿದು ಮುಂದುವರಿಯಬೇಕು. ವಾರ್ಪ್ ಬಳಸಿ ತಗಡಿನ ಉಬ್ಬಿಗೆ ಬಾಗಿಸಿ.

ಕಳುಹಿಸುವ ಮುನ್ನ

ಚಿತ್ರವನ್ನು ಎಡ-ಬಲ ತಿರುಗಿಸಿ ನೋಡಿ. ಬೆರಳುಗುರಿನಷ್ಟು ಚಿಕ್ಕದು ಮಾಡಿ ನೋಡಿ, ಗಾಡಿ ಹಿನ್ನೆಲೆಯಿಂದ ಎದ್ದು ಬಂದಂತೆ ಕಂಡರೆ ಬಣ್ಣ ಅತಿಯಾಗಿದೆ. ಅದೇ ಬಣ್ಣದ ನಿಜವಾದ ಗಾಡಿಯನ್ನು ಮೋಡದ ದಿನ ತೆಗೆದ ಫೋಟೋ ಒಂದನ್ನು ಪಕ್ಕಕ್ಕೆ ಇಟ್ಟು ಹೋಲಿಸಿ. ರಾತ್ರಿ ಮುಗಿಸಿದ್ದನ್ನು ಬೆಳಗ್ಗೆ ನೋಡದೆ ನಾನು ಯಾರಿಗೂ ಕಳುಹಿಸುವುದಿಲ್ಲ. ನಂಬರ್ ಪ್ಲೇಟ್ ಮಸುಕು ಮಾಡಿ, ಮೂಲೆಯಲ್ಲಿ ‘ಮಾದರಿ ಚಿತ್ರ’ ಎಂದು ಬರೆಯಿರಿ. ಮಾರಾಟದ ಜಾಹೀರಾತಿಗೆ ತುಕ್ಕು ಮುಚ್ಚಿಕೊಡಿ ಎಂದು ಕೇಳುವವರಿಗೆ ಇಲ್ಲವೆನ್ನಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳುಹಿಸಿದರೆ ವಿವರ ಹಿಂಡಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳುಹಿಸಿ.

ಚಿತ್ರ ಒಪ್ಪಿಗೆಯಾದ ಮೇಲೆ ಪೇಂಟರ್ ಹತ್ತಿರ ಹೋಗುವಾಗ ಶೇಡ್ ನಂಬರಿನ ಜೊತೆಗೆ ಒಂದು ಕೋರಿಕೆ ಇಡಿ: ಅಂಗೈಯಗಲದ ತಗಡಿನ ತುಂಡಿಗೆ ಪ್ರೈಮರ್, ಬೇಸ್, ಕ್ಲಿಯರ್ ಮೂರನ್ನೂ ಹೊಡೆದು ಕೊಡಲಿ. ಹೊಸನಗರದವರ ಜೀಪಿನ ಎರಡನೆಯ ಚಿತ್ರವಾದ ಮೇಲೆ ಹೀಗೆ ಮಾಡಿಸಿದೆವು. ದೀಪಾವಳಿಯ ಮರುವಾರ ಆ ತುಂಡನ್ನು ಅವರು ತಮ್ಮ ಅಂಗಳಕ್ಕೆ ಒಯ್ದು ಜೀಪಿನ ಮಡ್‌ಗಾರ್ಡಿಗೆ ಹಿಡಿದು, ಪಕ್ಕದಲ್ಲಿ ಮೊಬೈಲಿನ ಚಿತ್ರ ಹಿಡಿದು ನೋಡಿದರು. ತುಂಡು ಚಿತ್ರಕ್ಕಿಂತ ಒಂದು ಕೂದಲೆಳೆಯಷ್ಟು ಕಪ್ಪಗಿತ್ತು. ಕರ್ವ್ಸ್ ತೆರೆದು ಚಿತ್ರವನ್ನು ಅಷ್ಟೇ ಕಪ್ಪು ಮಾಡಿ ಕಳುಹಿಸಿದೆ. “ಇದು ನನ್ನ ಜೀಪು” ಎಂದು ಉತ್ತರ ಬಂತು. ಸೋಮವಾರ ಟಿಂಕರಿಂಗ್ ಶುರುವಾಯಿತು.